ತೆರೆಯ ಮೇಲಣ ನಾಯಿಗಾಗಿ ಸುರಿಸಿದ ಕಣ್ಣೀರು



ಕ್ರಿಸ್ತನ ಶಿಷ್ಯನಾದವನು ಸಿನೆಮಾದಲ್ಲಿ ಸತ್ತ ಒಂದು ನಾಯಿಗಾಗಿ ಅಳಬಹುದೋ ಎಂಬ ಪ್ರಶ್ನೆಯು ನಮ್ಮ ಸಭೆಗಳಲ್ಲಿ ಹುಟ್ಟಿ ಕೆಲವು ವರುಷಗಳಾದವು. ಅದು ಮೊದಲು ನಗುವಿನ ಮಾತಾಗಿ ಬಂದಿತು. ಆ ಮೇಲೆ ಜಗಳದ ಮಾತಾಯಿತು. ಈಗ ಅದು ನಿಧಾನವಾಗಿ ಕುಳಿತು ವಿಚಾರಿಸತಕ್ಕ ಮಾತೆಂದು ನಮಗೆ ತೋರುತ್ತದೆ. ಅತ್ತರೆ ತಪ್ಪೇನು, ನಾಯಿಯನ್ನು ಉಂಟುಮಾಡಿದವನೂ ದೇವರೇ ಅಲ್ಲವೇ ಎಂದು ಯೌವನಸ್ಥರು ಹೇಳುತ್ತಾರೆ. ಮನುಷ್ಯನು ಸತ್ತರೆ ಕಣ್ಣು ಒದ್ದೆಯಾಗದ ಈ ಕಾಲದಲ್ಲಿ ನಾಯಿಗೆ ಅಳುವದು ಹುಚ್ಚಲ್ಲದೆ ಮತ್ತೇನೆಂದು ಹಿರಿಯರಲ್ಲಿ ಕೆಲವರು ಹೇಳುತ್ತಾರೆ. ಎರಡು ಮಾತುಗಳಲ್ಲಿಯೂ ಸತ್ಯದ ಅಂಶ ಉಂಟು. ಆದರೆ ಎರಡೂ ಅರ್ಧ ದಾರಿಯಲ್ಲಿಯೇ ನಿಂತುಬಿಡುತ್ತವೆ.

ಈ ಪ್ರಶ್ನೆಗೆ ಕಾರಣವಾದ ಚಲನಚಿತ್ರದ ಹೆಸರು 777 ಚಾರ್ಲಿ. ಅದು 2022ನೇ ಇಸವಿ ಜೂನ್ ತಿಂಗಳ 10ನೇ ತಾರೀಖಿನಲ್ಲಿ ಬಿಡುಗಡೆಯಾಯಿತು. ಅದನ್ನು ನಿರ್ದೇಶಿಸಿದ ಕಿರಣ್‌ರಾಜ್ ಎಂಬವರು ಕಾಸರಗೋಡಿನ ಕನ್ನಡಿಗರು. ಮುಖ್ಯ ಪಾತ್ರವನ್ನು ರಕ್ಷಿತ್ ಶೆಟ್ಟಿಯವರು ವಹಿಸಿದರು. 2023ರಲ್ಲಿ ಪ್ರಕಟವಾದ ರಾಷ್ಟ್ರಪ್ರಶಸ್ತಿಗಳಲ್ಲಿ ಕನ್ನಡದ ಶ್ರೇಷ್ಠ ಚಿತ್ರವೆಂಬ ಮನ್ನಣೆಯು ಅದಕ್ಕೆ ದೊರೆಯಿತು. ನೋಡದ ವಾಚಕರಿಗಾಗಿ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇವೆ.

ಮೈಸೂರಿನ ಒಂದು ಕಾಲೊನಿಯಲ್ಲಿ ಧರ್ಮ ಎಂಬ ಕಾರ್ಖಾನೆಯ ಕೆಲಸಗಾರನು ಒಬ್ಬಂಟಿಗನಾಗಿ ವಾಸಿಸುತ್ತಾನೆ. ಬಾಲ್ಯದಲ್ಲಿ ಒಂದು ಅಪಘಾತದಲ್ಲಿ ತಂದೆತಾಯಿಗಳನ್ನೂ ತಂಗಿಯನ್ನೂ ಕಳಕೊಂಡವನು ಅವನು. ನೆರೆಯವರು ಅವನಿಗೆ ಬೇಡ, ಅವನು ನೆರೆಯವರಿಗೆ ಬೇಡ. ಇಡ್ಲಿ, ಸಿಗರೇಟು, ಜಗಳ, ಚಾರ್ಲಿ ಚಾಪ್ಲಿನ್ನನ ಹಳೆಯ ಚಿತ್ರಗಳು, ಇಷ್ಟರಲ್ಲಿಯೇ ಅವನ ದಿನಗಳು ಕಳೆಯುತ್ತವೆ. ನಾಯಿಮರಿಗಳನ್ನು ಹೆರಿಸಿ ಮಾರುವ ಒಬ್ಬ ಕ್ರೂರನ ಕೈಯಿಂದ ತಪ್ಪಿಸಿಕೊಂಡ ಒಂದು ಹೆಣ್ಣುನಾಯಿಯು ಇವನ ಬಾಗಲಿಗೆ ಬರುತ್ತದೆ. ಅವನು ಅದನ್ನು ಅಟ್ಟುತ್ತಾನೆ, ಅದು ಹೋಗುವದಿಲ್ಲ. ಕಡೆಗೆ ಅದನ್ನು ಪ್ರೀತಿಸಲು ಕಲಿತ ಹೊತ್ತಿಗೆ ಅದಕ್ಕೆ ಕ್ಯಾನ್ಸರ್ ಎಂದು ತಿಳಿಯುತ್ತದೆ. ಒಂದೇ ರಕ್ತಸಂಬಂಧದ ನಾಯಿಗಳನ್ನು ಕೂಡಿಸಿ ಮರಿ ಹಾಕಿಸುವ ಲೋಭಿಗಳ ದೆಸೆಯಿಂದ ಆ ರೋಗವು ಬಂತೆಂದು ಕಥೆಯು ಹೇಳುತ್ತದೆ. ಹಿಮವನ್ನು ಕಂಡರೆ ಕುಣಿಯುವ ಆ ಪ್ರಾಣಿಗೆ ಸಾಯುವ ಮುಂಚೆ ಹಿಮವನ್ನು ತೋರಿಸಬೇಕೆಂದು ಅವನು ಅದನ್ನು ತನ್ನ ಬೈಕಿನ ಪಕ್ಕದ ಗಾಡಿಯಲ್ಲಿ ಕೂರಿಸಿಕೊಂಡು ಮೈಸೂರಿನಿಂದ ಹಿಮಾಲಯದ ಕಡೆಗೆ ಹೊರಡುತ್ತಾನೆ. ಅದು ಅಲ್ಲಿ ಹಿಮದ ನಡುವೆ ಒಂದು ಮರಿಯನ್ನು ಬಿಟ್ಟು ಸಾಯುತ್ತದೆ.

ಇದನ್ನು ನೋಡಿದವರು ಅತ್ತರು. ಒಬ್ಬಿಬ್ಬರಲ್ಲ, ಹೆಂಗಸರು ಮಕ್ಕಳು ಮಾತ್ರವೂ ಅಲ್ಲ. ಮೀಸೆ ಹೊತ್ತ ಗಂಡಸರು ಮುಖ ಮುಚ್ಚಿಕೊಂಡು ಹೊರಗೆ ಬಂದರು. ಆಗ ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ಬಸವರಾಜ ಬೊಮ್ಮಾಯಿಯವರು ಚಿತ್ರವನ್ನು ನೋಡಿ ಬಹಿರಂಗವಾಗಿ ಕಣ್ಣೀರಿಟ್ಟರು; ಅದಕ್ಕೆ ಹಿಂದಿನ ವರುಷ, ಅಂದರೆ 2021ರಲ್ಲಿ, ಅವರ ಮನೆಯ ನಾಯಿ ಸನ್ನಿಯು ತೀರಿಕೊಂಡಿತ್ತು. ಸರಕಾರವು ಆ ಚಿತ್ರಕ್ಕೆ ರಾಜ್ಯದ ಪಾಲಿನ ತೆರಿಗೆಯನ್ನು ಆರು ತಿಂಗಳು ಬಿಟ್ಟುಕೊಟ್ಟಿತು. ಕಣ್ಣೀರು ತೆರಿಗೆಯನ್ನೂ ಕರಗಿಸುವದೆಂದು ನಮ್ಮ ಸಭೆಯ ಲೆಕ್ಕ ಬರೆಯುವವರೊಬ್ಬರು ಹೇಳಿದ್ದನ್ನು ಇಲ್ಲಿ ಬಿಡಲು ಮನಸ್ಸು ಬರಲಿಲ್ಲ.

ಮೈಸೂರು ನಗರದ ದಕ್ಷಿಣ ಭಾಗದಲ್ಲಿರುವ ವಿದ್ಯಾರಣ್ಯಪುರಂನಲ್ಲಿ ನಮ್ಮ ಹಳ್ಳಿಗಳಿಂದ ಕೂಲಿಗಾಗಿಯೂ ಕೆಲಸಕ್ಕಾಗಿಯೂ ಹೋಗಿ ನೆಲೆಸಿದ ಕುಟುಂಬಗಳುಂಟು. ಈ ಮಾತು ಬಹು ಬಿಸಿಯಾಗಿ ನಡೆದದ್ದು ಅಲ್ಲಿಯ ಒಂದು ಮನೆಯ ಪ್ರಾರ್ಥನಾಕೂಟದಲ್ಲಿ. ಕಥೆಯು ತಮ್ಮ ಊರಿನದು, ಧರ್ಮನು ತಮ್ಮ ಬೀದಿಯವನ ಹಾಗೆಯೇ ಇದ್ದಾನೆ ಎಂದು ಅಲ್ಲಿಯ ಯೌವನಸ್ಥರು ಉತ್ಸಾಹದಿಂದ ಹೇಳುತ್ತಿದ್ದಾಗ, ಬಹು ವರುಷ ನಗರದ ಕಸವನ್ನು ಹೊತ್ತು ಈಗ ವಿಶ್ರಾಂತಿಯಲ್ಲಿರುವ ಒಬ್ಬ ವೃದ್ಧರು ಬಾಯಿ ತೆರೆದರು. ಅವರು ಹೇಳಿದ್ದೇನಂದರೆ: ನನ್ನ ತಾತನು ಯಜಮಾನರ ಮನೆಯ ಜಗಲಿಯನ್ನು ಎಂದೂ ಹತ್ತಿದವನಲ್ಲ, ಅವರ ನಾಯಿಯು ಅದೇ ಜಗಲಿಯ ಮೇಲೆ ಮಲಗುತ್ತಿತ್ತು. ನಾಯಿಗೆ ಮುದ್ದೆಯನ್ನು ಹತ್ತಿರ ಹೋಗಿ ಇಡುತ್ತಿದ್ದರು. ತಾತನಿಗೆ ದೂರದಿಂದ ಎಸೆಯುತ್ತಿದ್ದರು. ಅಂಥವರ ಮೊಮ್ಮಕ್ಕಳು ನಾಯಿಗೆ ಅತ್ತರೆ ನನಗೆ ಆಶ್ಚರ್ಯವಿಲ್ಲ. ಅವರ ಮನೆಯಲ್ಲಿ ನಾಯಿಯ ಮೇಲೆ ಯಾವಾಗಲೂ ಪ್ರೀತಿ ಇತ್ತು. ನಮ್ಮ ಹುಡುಗರೂ ಅವರ ಜೊತೆಯಲ್ಲಿ ಕೂತು ಅಳುತ್ತಾರಲ್ಲಾ, ಅದೇ ಆಶ್ಚರ್ಯ.

ಕೂಟದಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಈ ಮಾತಿಗೆ ಉತ್ತರ ಹೇಳದೆ ನಾಯಿಯ ಮೇಲಣ ಕರುಣೆಯನ್ನು ಹೊಗಳಿದರೆ ಅದು ಗಾಯದ ಮೇಲೆ ಹೂವಿಟ್ಟ ಹಾಗೆ ಆಗುವದು. ವೃದ್ಧರು ಹೇಳಿದ್ದು ಒಂದು ಮನೆಯ ಸಂಗತಿಯಲ್ಲ. 1927ನೇ ಇಸವಿ ಮಾರ್ಚ್ 20ರಂದು ಅಂಬೇಡ್ಕರರು ಮಹಾಡ್ ಎಂಬ ಊರಿನ ಚವ್ದಾರ್ ಕೆರೆಗೆ ಸಾವಿರಾರು ಜನರನ್ನು ಕರಕೊಂಡು ಹೋಗಿ ನೀರು ಕುಡಿದರು. ದನ ನಾಯಿಗಳಿಗೆ ತಡೆಯಿಲ್ಲದ ಆ ನೀರು ಮನುಷ್ಯರಿಗೆ ತಡೆಯಾಗಿತ್ತು. ನಮ್ಮ ವಾಚಕರಲ್ಲಿ ಅನೇಕರ ಹಿರಿಯರು ಸುವಾರ್ತೆಯನ್ನು ಕೇಳಿದಾಗ ಮೊದಲು ಅವರ ಮನಸ್ಸನ್ನು ಹಿಡಿದದ್ದು ಯಾವ ಗಹನವಾದ ಉಪದೇಶವೂ ಅಲ್ಲ. ಒಬ್ಬ ಉಪದೇಶಿಯು ತಮ್ಮ ಗುಡಿಸಲೊಳಗೆ ಬಂದು ಚಾಪೆಯ ಮೇಲೆ ಕೂತನೆಂಬದೇ.

ವಿದ್ಯಾರಣ್ಯಪುರಂನ ವಿಷಯವನ್ನೇ ನೋಡಿರಿ. ಹದಿನಾಲ್ಕನೆಯ ಶತಮಾನದ ದೊಡ್ಡ ವಿದ್ವಾಂಸರ ಹೆಸರನ್ನು ಹೊತ್ತ ಆ ಬಡಾವಣೆಯ ಅಂಚಿನಲ್ಲಿ, ಚಾಮುಂಡಿಬೆಟ್ಟವು ಕಣ್ಣಿಗೆ ಬೀಳುವ ಬೈಲಿನಲ್ಲಿ, ಊರವರು ಸೂಯೇಜ್ ಫಾರಂ ಎಂದು ಕರೆಯುವ ಸ್ಥಳ ಉಂಟು. ನಗರದ ಮಲಿನ ನೀರೂ ಕಸವೂ ಹತ್ತಾರು ವರುಷಗಳಿಂದ ಅಲ್ಲಿಗೆ ಬಂದು ಬಿದ್ದು ಗುಡ್ಡವಾದವು. ಗಾಳಿ ತಿರುಗಿದ ದಿನ ಸುತ್ತಲ ಮನೆಗಳಲ್ಲಿ ಊಟವು ಗಂಟಲಿಗೆ ಇಳಿಯುವದಿಲ್ಲ. ಮೈಸೂರು 2015ರಲ್ಲಿಯೂ 2016ರಲ್ಲಿಯೂ ದೇಶದ ಸ್ವಚ್ಛ ನಗರಗಳಲ್ಲಿ ಮೊದಲನೆಯದೆಂದು ಎಣಿಸಲ್ಪಟ್ಟಿತು. ಆ ಕೀರ್ತಿಯನ್ನು ಯಾರ ಕೈಗಳು ಸಂಪಾದಿಸಿದವೆಂದು ಹೇಳಬೇಕಾಗಿಲ್ಲ. ಮಲವನ್ನು ತಲೆಯ ಮೇಲೆ ಹೊರಿಸುವ ಪದ್ಧತಿಯನ್ನು ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ಈ ರಾಜ್ಯದಲ್ಲಿ ನಿಲ್ಲಿಸಿದರು. ಮಲ ಬಳಿಯುವ ಕೆಲಸಕ್ಕೆ ಮನುಷ್ಯರನ್ನು ಇಡಕೂಡದೆಂದು 2013ರ ಕಾಯಿದೆಯು ದೇಶಕ್ಕೆಲ್ಲಾ ಆಜ್ಞಾಪಿಸಿತು. ಆದರೂ ಅದರ ತರುವಾಯ ಒಳಚರಂಡಿಗೆ ಇಳಿದು ಉಸಿರುಕಟ್ಟಿ ಸತ್ತವರುಂಟು, ನಮ್ಮ ರಾಜ್ಯದಲ್ಲಿಯೂ ಉಂಟು. ಅವರಿಗಾಗಿ ಯಾವ ಊರಿನ ಜನರೂ ಮುಖ ಮುಚ್ಚಿಕೊಂಡು ಅತ್ತದ್ದನ್ನು ನಾವು ಕೇಳಲಿಲ್ಲ.

ಹೀಗಿರಲಾಗಿ, ಕಣ್ಣೀರು ನಾಯಿಗೆ ಇಷ್ಟು ಸುಲಭವಾಗಿಯೂ ಮನುಷ್ಯನಿಗೆ ಇಷ್ಟು ಕಷ್ಟವಾಗಿಯೂ ಬರುವದೇಕೆಂದು ಕೇಳಬೇಕು. ನಮಗೆ ತೋರುವ ಕಾರಣವೇನಂದರೆ, ನಾಯಿಗೆ ನಾಲಿಗೆ ಉಂಟು, ಮಾತಿಲ್ಲ. ಅದು ನಮ್ಮನ್ನು ಕೂಲಿ ಕೇಳುವದಿಲ್ಲ. ಹಿಂದಿನ ತಿಂಗಳ ಬಾಕಿಯನ್ನು ನೆನಪಿಸುವದಿಲ್ಲ. ನನ್ನ ಮಗನನ್ನು ನಿನ್ನ ಮಗನ ಪಕ್ಕದಲ್ಲಿ ಕೂರಿಸು ಎಂದು ಹೇಳುವದಿಲ್ಲ. ಅದಕ್ಕೆ ಕರುಣೆ ತೋರಿಸಿದವನು ಎಲ್ಲಿದ್ದನೋ ಅಲ್ಲಿಯೇ ಇರಬಹುದು. ಕಷ್ಟದಲ್ಲಿರುವ ಮನುಷ್ಯನಾದರೋ ಕರುಣೆಯಿಂದ ತೃಪ್ತನಾಗದೆ ನ್ಯಾಯವನ್ನೂ ಕೇಳಾನು. ಆದಕಾರಣ ನಾವು ಅವನನ್ನು ಕಂಡ ಕೂಡಲೇ ಅವನಲ್ಲಿ ತಪ್ಪು ಹುಡುಕಲು ತೊಡಗುತ್ತೇವೆ: ಕುಡುಕನೋ, ಸೋಮಾರಿಯೋ, ಸಾಲ ತೀರಿಸದವನೋ ಎಂದು. ನಾಯಿಯು ಕುಡುಕನೋ ಎಂದು ಯಾರೂ ವಿಚಾರಿಸುವದಿಲ್ಲ.

ಸಂತ ಲೂಕನು ಬರೆದ ಐಶ್ವರ್ಯವಂತನ ಕಥೆಯಲ್ಲಿ, ಬಾಗಲ ಬಳಿಯಲ್ಲಿ ಬಿದ್ದಿದ್ದ ಲಾಜರನ ಹತ್ತಿರ ಬಂದವು ನಾಯಿಗಳೇ. ಅವು ಹುಣ್ಣು ನೆಕ್ಕಿದ್ದು ಅವನಿಗೆ ಉಪಶಮನವಾಯಿತೋ ಉಪದ್ರವವಾಯಿತೋ ಎಂಬದರಲ್ಲಿ ವ್ಯಾಖ್ಯಾನಗಾರರು ಒಂದಾಗಿಲ್ಲ. ಅದು ಹಾಗಿರಲಿ. ಐಶ್ವರ್ಯವಂತನು ಲಾಜರನನ್ನು ಹೊಡೆದನೆಂದಾಗಲಿ ಅಟ್ಟಿದನೆಂದಾಗಲಿ ಬರೆದಿಲ್ಲ; ಅವನು ನೋಡಲಿಲ್ಲ, ಅಷ್ಟೇ. ಲಾಜರನನ್ನೂ ಆ ನಾಯಿಗಳನ್ನೂ ಕುರಿತು ಯಾರಾದರೂ ಒಂದು ಚಲನಚಿತ್ರ ಮಾಡಿ ಅವನ ಅರಮನೆಯೊಳಗೆ ತೋರಿಸಿದ್ದರೆ, ಅವನು ತನ್ನ ರಕ್ತಾಂಬರದ ಅಂಚಿನಿಂದ ಕಣ್ಣೊರಸಿಕೊಳ್ಳುತ್ತಿದ್ದನೋ ಏನೋ.

ಈ ಸಂಶಯವು ಹೊಸದಲ್ಲ. ಸಂತ ಅಗಸ್ಟೀನನು ಯೌವನದಲ್ಲಿ ಕಾರ್ಥೇಜ್ ಪಟ್ಟಣದಲ್ಲಿ ಓದುತ್ತಿದ್ದಾಗ ದುಃಖದ ನಾಟಕಗಳ ಹುಚ್ಚು ಹಿಡಿದವನಾಗಿದ್ದನು. ಬಾಲ್ಯದಲ್ಲಿ ದೀದೋ ಎಂಬ ರಾಣಿಯ ಕಥೆಯನ್ನು ಓದಿ ಅತ್ತಿದ್ದನು. ತರುವಾಯ ಸಭಾಧ್ಯಕ್ಷನಾಗಿ ತನ್ನ ಆತ್ಮಚರಿತ್ರೆಯನ್ನು ಬರೆಯುವಾಗ, ತಾನು ಅನುಭವಿಸಲೊಲ್ಲದ ದುಃಖವನ್ನು ಮನುಷ್ಯನು ದುಡ್ಡು ಕೊಟ್ಟು ನೋಡಿ ಆನಂದಿಸುವದೇಕೆಂದು ವಿಚಾರಿಸಿದನು. ನಾಟಕವು ನೋಡುವವನನ್ನು ಸಹಾಯಕ್ಕೆ ಕರೆಯದೆ ದುಃಖಕ್ಕೆ ಮಾತ್ರ ಕರೆಯುತ್ತದೆಂಬದೇ ಅವನ ಆಕ್ಷೇಪಣೆ. ಅಮೇರಿಕದ ಪಂಡಿತರಾದ ವಿಲಿಯಂ ಜೇಮ್ಸರು 1890ರಲ್ಲಿ ಪ್ರಕಟಿಸಿದ ಮನಶ್ಶಾಸ್ತ್ರದ ಗ್ರಂಥದಲ್ಲಿ ರಷ್ಯದ ಒಬ್ಬ ಕುಲೀನ ಹೆಂಗಸಿನ ದೃಷ್ಟಾಂತವನ್ನು ಕೊಟ್ಟಿದ್ದಾರೆ: ಒಳಗೆ ಆಕೆಯು ನಾಟಕದ ಪಾತ್ರಗಳಿಗಾಗಿ ಅಳುತ್ತಿರುವಾಗ ಹೊರಗೆ ಆಕೆಯ ಬಂಡಿ ಹೊಡೆಯುವವನು ತನ್ನ ಆಸನದಲ್ಲಿಯೇ ಚಳಿಗೆ ಹೆಪ್ಪುಗಟ್ಟಿ ಸಾಯುತ್ತಾನೆ. ಅವರು ಹೇಳಿದ ಔಷಧವು ಬಹು ಸಣ್ಣದು, ಆದಕಾರಣ ನಮಗೆ ಬಹು ಮೆಚ್ಚಿಕೆಯಾದದ್ದು. ಮನಸ್ಸು ಕರಗಿದಾಗಲೆಲ್ಲಾ ಏನಾದರೂ ಒಂದನ್ನು ಮಾಡದೆ ಬಿಡಬಾರದು; ಮನೆಯ ಅತ್ತೆಯೊಡನೆ ಸೌಮ್ಯವಾಗಿ ಒಂದು ಮಾತಾಡಿದರೂ, ಬಂಡಿಯಲ್ಲಿ ಒಬ್ಬರಿಗೆ ಸ್ಥಳ ಬಿಟ್ಟುಕೊಟ್ಟರೂ ಸರಿ. ಮೈಸೂರಿನಲ್ಲಾದರೆ, ಆಟ ಮುಗಿದ ಮೇಲೆ ಆಸನಗಳ ನಡುವೆ ಚೆಲ್ಲಿದ ತಿಂಡಿಯನ್ನು ಗುಡಿಸಲು ಬರುವ ಹೆಂಗಸು ನಮ್ಮ ಬಂಡಿ ಹೊಡೆಯುವವನಾಗಿದ್ದಾಳೆ. ಅತ್ತು ಕೆಂಪಾದ ಕಣ್ಣಿಗೆ ಅವಳು ಕಾಣುವದುಂಟೋ?

ಆದರೆ ಇಲ್ಲಿಗೆ ಮುಗಿಸಿ ಹಿರಿಯರ ಪಕ್ಷಕ್ಕೆ ತೀರ್ಪು ಕೊಡುವದಕ್ಕೂ ನಮ್ಮ ಮನಸ್ಸು ಒಪ್ಪುವದಿಲ್ಲ. ಯಾಕಂದರೆ ಬೇಥಾನ್ಯದಲ್ಲಿ ಸುಗಂಧತೈಲವು ಸುರಿಯಲ್ಪಟ್ಟಾಗ, ಇದನ್ನು ಮಾರಿ ಬಡವರಿಗೆ ಕೊಡಬಹುದಿತ್ತಲ್ಲಾ ಎಂದು ಹೇಳಿದವನು ಯಾರೆಂಬದು ನಮಗೆ ಗೊತ್ತುಂಟು. ಅವನಿಗೆ ಬಡವರ ಚಿಂತೆ ಇರಲಿಲ್ಲವೆಂದು ಯೋಹಾನನು ಬರೆದಿಟ್ಟಿದ್ದಾನೆ. ನಾಯಿಗೇಕೆ ಅಳುತ್ತೀರಿ, ಮನುಷ್ಯರಿಗೆ ಅಳಿರಿ ಎಂದು ಗದರಿಸುವವರಲ್ಲಿ ಬಹು ಜನರು ಎರಡಕ್ಕೂ ಅಳುವವರಲ್ಲ. ವಿದ್ಯಾರಣ್ಯಪುರಂನ ವೃದ್ಧರು ಅಂಥವರಲ್ಲ. ಅವರ ಮಾತು ಅನುಭವಿಸಿದವನ ಮಾತು. ಅದೇ ಮಾತನ್ನು ಅನುಭವಿಸದವನು ಕದ್ದು ಆಡಿದರೆ ಅದು ಕಲ್ಲೆದೆಗೆ ಹೊದಿಕೆಯಾಗುತ್ತದೆ.

ಪ್ರಾಣಿಯ ಮೇಲಣ ಮರುಕವು ಪರದೇಶದಿಂದ ಬಂದ ವಿಲಾಸವೂ ಅಲ್ಲ. ಮದ್ದೂರು ತಾಲೂಕಿನ ಆತಕೂರಿನಲ್ಲಿ ಸಿಕ್ಕಿದ, ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಒಂದು ಕಲ್ಲನ್ನು ನಮ್ಮಲ್ಲಿ ಕೆಲವರು ನೋಡಿರಬಹುದು. ಸುಮಾರು 950ನೇ ಇಸವಿಯದು. ಗಂಗರ ಬೂತುಗನ ಕಡೆಯ ಮಣಲೇರ ಎಂಬ ವೀರನು, ರಾಷ್ಟ್ರಕೂಟ ಅರಸನು ಚೋಳರನ್ನು ತಕ್ಕೋಲದಲ್ಲಿ ಗೆದ್ದ ಯುದ್ಧದಲ್ಲಿ ಪರಾಕ್ರಮ ತೋರಿಸಿ, ಏನು ಬೇಕೆಂದು ಕೇಳಿದಾಗ ಊರನ್ನಲ್ಲ ಹೊನ್ನನ್ನಲ್ಲ, ಕಾಳಿ ಎಂಬ ನಾಯಿಯನ್ನು ಬೇಡಿದನು. ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಒಟ್ಟಿಗೆ ಸತ್ತವು. ಅದರ ನೆನಪಿಗಾಗಿ ಕಲ್ಲು ನಿಲ್ಲಿಸಿ ಭೂಮಿಯನ್ನು ಬಿಟ್ಟರು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಕಾದಾಡುವದು ಇಂದಿಗೂ ಕಾಣುತ್ತದೆ. ಆ ಕಲ್ಲಿಗೆ ಏರ್ಪಡಿಸಿದ ಪೂಜೆಯನ್ನು ನಾವು ಮಾಡುವವರಲ್ಲ. ಆದರೆ ಸಾವಿರ ವರುಷದ ಹಿಂದೆ ಮಂಡ್ಯದ ಸೀಮೆಯಲ್ಲಿ ಒಬ್ಬ ಯೋಧನು ನಾಯಿಗಾಗಿ ದುಃಖಿಸಿದನೆಂಬದನ್ನು ನಾವು ಅಲ್ಲಗಳೆಯಲಾರೆವು. ಪುಣ್ಯಕೋಟಿಯ ಹಾಡನ್ನು ಶಾಲೆಯಲ್ಲಿ ಕೇಳಿ ಅಳದ ಕನ್ನಡದ ಮಗು ಯಾವದು? ಚಿತ್ರದ ನಾಯಕನಿಗೆ ಧರ್ಮ ಎಂಬ ಹೆಸರು ಬಂದದ್ದನ್ನು ಕಂಡು, ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆನೆಂದ ಧರ್ಮರಾಯನನ್ನು ನೆರೆಯ ಹಿಂದೂ ಸ್ನೇಹಿತರು ನೆನಸಿಕೊಂಡರು. ಜಪಾನಿನಲ್ಲಿ ತೀರಿಹೋದ ಯಜಮಾನನಿಗಾಗಿ 1925ರಿಂದ 1935ರಲ್ಲಿ ತಾನು ಸಾಯುವ ತನಕ ಶಿಬುಯ ರೈಲು ನಿಲ್ದಾಣದಲ್ಲಿ ಕಾದ ಹಾಚಿಕೋ ಎಂಬ ನಾಯಿಗೆ ಅಲ್ಲಿಯವರು ಪ್ರತಿಮೆಯನ್ನೇ ಮಾಡಿಸಿದರು.

ಸತ್ಯವೇದದಲ್ಲಿಯೂ ನೀತಿವಂತನ ಗುರುತುಗಳಲ್ಲಿ ಒಂದು ತನ್ನ ಪಶುವಿನ ಪ್ರಾಣವನ್ನು ಲಕ್ಷಿಸುವದೇ ಎಂದು ಜ್ಞಾನೋಕ್ತಿಗಳು ಕಲಿಸುತ್ತವೆ. ಯೋನನ ಪುಸ್ತಕವು ಮುಗಿಯುವದೇ ನಿನೆವೆಯ ದನಕರುಗಳ ಮಾತಿನಿಂದ. ಕಾನಾನ್ಯ ಸ್ತ್ರೀಯು ಕರ್ತನ ಸಂಗಡ ಮಾತಾಡಿದ ನಾಯಿಗಳ ಸಂಗತಿಯಂತೂ ನಮ್ಮ ಸಭೆಗಳಲ್ಲಿ ಅನೇಕರಿಗೆ ಮುಳ್ಳಿನಂತಿದೆ. ಮೂಲ ಗ್ರೀಕ್ ಭಾಷೆಯಲ್ಲಿ ಅಲ್ಲಿರುವ ಶಬ್ದವು ಚಿಕ್ಕ ನಾಯಿಯದು. ಬೀದಿಯಲ್ಲಿ ಅಲೆಯುವದರದಲ್ಲ, ಮಕ್ಕಳ ಸಂಗಡ ಮನೆಯೊಳಗೆ ಮೇಜಿನ ಕೆಳಗೆ ಇರುವದರದು. ಆಕೆ ಆ ನಾಯಿಮರಿಯ ಪಾಲನ್ನು ಹೀನಾಯವೆಂದು ತಳ್ಳಲಿಲ್ಲ, ಅದರ ಮೇಲೆ ಮತ್ಸರಪಡಲೂ ಇಲ್ಲ. ಅದಕ್ಕೆ ಪಾಲು ಉಂಟಾದರೆ ತನಗೂ ಉಂಟೆಂದು ವಾದಿಸಿ ಗೆದ್ದಳು.

ಈ ಎಲ್ಲಾ ಮಾತುಗಳಿಗಿಂತ ನಮ್ಮ ಪ್ರಶ್ನೆಗೆ ಹತ್ತಿರವಾದ ಅಧ್ಯಾಯವು ಸಮುವೇಲನ ಎರಡನೆಯ ಪುಸ್ತಕದ 12ನೆಯದು. ದಾವೀದನು ಊರೀಯನ ಹೆಂಡತಿಯನ್ನು ತಕ್ಕೊಂಡು, ಊರೀಯನನ್ನು ಯುದ್ಧದ ಮುಂಭಾಗದಲ್ಲಿ ನಿಲ್ಲಿಸಿ ಕೊಲ್ಲಿಸಿದನು. ಆ ನಂಬಿಗಸ್ತ ಸೇವಕನು ಸತ್ತನೆಂಬ ವರ್ತಮಾನವು ಬಂದಾಗ ಅರಸನು ಏನು ಮಾಡಿದನು? ಕತ್ತಿಯು ಇವನನ್ನೂ ತಿನ್ನುವದು ಅವನನ್ನೂ ತಿನ್ನುವದು, ನೀನು ಬೇಸರಪಡಬೇಡ ಎಂಬ ಅರ್ಥದ ತಣ್ಣಗಿನ ಮಾತನ್ನು ಸೇನಾಪತಿಗೆ ಹೇಳಿ ಕಳುಹಿಸಿದನು. ಒಂದು ಹನಿ ಕಣ್ಣೀರಿಲ್ಲ. ತಿಂಗಳುಗಳು ಕಳೆದವು. ಆಗ ನಾತಾನನು ಬಂದು ಒಂದು ಕಥೆಯನ್ನು ಹೇಳಿದನು: ಒಬ್ಬ ಬಡವನು ಸಾಕಿದ ಒಂದೇ ಒಂದು ಹೆಣ್ಣು ಕುರಿಮರಿ. ಅದು ಅವನ ತುತ್ತಿನಲ್ಲಿ ಪಾಲು ತಿಂದು, ಅವನ ಪಾತ್ರೆಯಲ್ಲಿ ಕುಡಿದು, ಅವನ ಎದೆಯ ಮೇಲೆ ಮಲಗಿ, ಅವನಿಗೆ ಮಗಳಂತೆ ಬೆಳೆದಿತ್ತು. ಐಶ್ವರ್ಯವಂತನೊಬ್ಬನು ತನ್ನ ಮಂದೆಯನ್ನು ಮುಟ್ಟದೆ ಆ ಮರಿಯನ್ನು ಕಸುಕೊಂಡು ಕೊಯ್ಸಿದನು. ಇದನ್ನು ಕೇಳಿ ದಾವೀದನು ಉರಿದೆದ್ದನು. ಮನುಷ್ಯನಿಗಾಗಿ ಮಿಡುಕದ ಹೃದಯವು ಮರಿಗಾಗಿ ಮಿಡುಕಿತು! ಕುರುಬನಾಗಿ ಬೆಳೆದವನಿಗೆ ಎಲ್ಲಿ ಮುಟ್ಟಿದರೆ ತಾಗುವದೆಂದು ಪ್ರವಾದಿಗೆ ತಿಳಿದಿತ್ತು. ಅರಸನು ಧರ್ಮಶಾಸ್ತ್ರದ ಪ್ರಕಾರ ನಾಲ್ಕರಷ್ಟು ಕೊಡಿಸಬೇಕೆಂದು ದಂಡವನ್ನೂ ವಿಧಿಸಿದನು.

ಈಗ ಗಮನಿಸಿರಿ. ಊರೀಯನು ಸತ್ತಾಗ ಸುಮ್ಮನಿದ್ದು ಕುರಿಮರಿಗಾಗಿ ಇಷ್ಟು ಕೂಗುತ್ತೀಯಾ ಎಂದು ನಾತಾನನು ಗೇಲಿಮಾಡಲಿಲ್ಲ. ಅರಸನ ಮನಸ್ಸು ಎಲ್ಲಿ ಇನ್ನೂ ಬದುಕಿತ್ತೋ ಆ ಒಂದು ಸ್ಥಳವನ್ನು ಹಿಡಿದು, ಸತ್ತ ಸ್ಥಳದ ಕಡೆಗೆ ಅವನನ್ನು ಎಳೆದುಕೊಂಡು ಹೋದನು. ಆ ಐಶ್ವರ್ಯವಂತನು ಅರಸನೇ ಎಂದು ಮುಖದೆದುರಿಗೆ ಹೇಳಿದನು. ನಾತಾನನು ಕಥೆ ಮುಗಿದ ಕೂಡಲೇ ಎದ್ದು ಹೋಗಿದ್ದರೆ ಏನಾಗುತ್ತಿತ್ತು? ದಾವೀದನು ತಾನು ಬಹು ಕರುಣೆಯುಳ್ಳವನೆಂದು ತಿಳುಕೊಂಡು ಅಂದು ರಾತ್ರಿ ಸುಖವಾಗಿ ನಿದ್ರೆಮಾಡುತ್ತಿದ್ದನು. ಚಿತ್ರಮಂದಿರದ ಬಾಗಲು ತೆರೆದ ಮೇಲೆ ನಮ್ಮಲ್ಲಿ ಬಹು ಜನರಿಗೆ ಆಗುವದು ಇದೇ. ಕಥೆ ಹೇಳುವವರು ಬೇಕಾದಷ್ಟು ಮಂದಿ ಸಿಕ್ಕುತ್ತಾರೆ. ಕಥೆಯಾದ ಮೇಲೆ ನಿಂತು ಮುಂದಿನ ಮಾತನ್ನು ಹೇಳುವವನು ಸಿಕ್ಕುವದಿಲ್ಲ. ವಿದ್ಯಾರಣ್ಯಪುರಂನ ಆ ಯೌವನಸ್ಥರಿಗೆ ಅವನು ಸಿಕ್ಕಿದನೆಂದು ನಾವು ಎಣಿಸುತ್ತೇವೆ. ವೃದ್ಧರ ಮಾತು ಅವರ ಕಣ್ಣೀರನ್ನು ನಿಲ್ಲಿಸಲು ಬಂದದ್ದಲ್ಲ, ಅದಕ್ಕೆ ದಾರಿ ತೋರಿಸಲು ಬಂದದ್ದು.

ಆ ಕೂಟದ ಕಡೆಯಲ್ಲಿ ಒಬ್ಬ ಹುಡುಗಿಯು, ತಾತಾ, ನೀವು ಕೆಲಸ ಮಾಡುತ್ತಿದ್ದ ಕಸದ ಗುಡ್ಡೆಯ ಮೇಲೆ ನಾಯಿಗಳಿರಲಿಲ್ಲವೇ ಎಂದು ಕೇಳಿದಳು. ಅವರು ಇತ್ತೆಂದರು. ಒಂದು ಕಾಲು ಕುಂಟಾದ ಕಂದು ನಾಯಿಯೊಂದು ಪ್ರತಿದಿನ ಬೆಳಿಗ್ಗೆ ಅವರ ಗಾಡಿಗಾಗಿ ಕಾದಿದ್ದು ಮಧ್ಯಾಹ್ನದ ತನಕ ಹಿಂದೆಯೇ ತಿರುಗುತ್ತಿತ್ತಂತೆ. ಕೆಲಸ ಮುಗಿಸಿ ಬಸ್ಸು ಹತ್ತಿದರೆ ಪಕ್ಕದ ಆಸನದವರು ಎದ್ದು ಹೋಗುತ್ತಿದ್ದರು, ನನ್ನ ಮೈಯ ವಾಸನೆಗೆ ಹೇಸದೆ ಇದ್ದದ್ದು ಅದೊಂದೇ ಎಂದು ಅವರು ಹೇಳಿದರು. ಅದಕ್ಕೆ ಹೆಸರೇನಿಟ್ಟಿದ್ದಿರಿ ಎಂದು ಹುಡುಗಿಯು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ನಾಯಿಗೆ ಅಳುವವನು ಮನುಷ್ಯನ ಶತ್ರು ಎಂಬ ವಾದವು ಎಷ್ಟರ ಮಟ್ಟಿಗೆ ನಿಲ್ಲುವದೆಂದು ಇದರಿಂದ ವಾಚಕರೇ ತೂಗಿ ನೋಡಲಿ. ಚಲನಚಿತ್ರದ ಧರ್ಮನಾದರೂ ನಾಯಿಯನ್ನು ಪ್ರೀತಿಸಿದ ಮೇಲೆಯೇ ನೆರೆಯವರ ಮುಖವನ್ನು ನೋಡಲು ಕಲಿತನು. ನಾಯಿಯು ಅವನಿಗೆ ಮನುಷ್ಯರ ಬದಲಿಗೆ ಬರಲಿಲ್ಲ, ಮನುಷ್ಯರ ಬಳಿಗೆ ಹೋಗುವ ಬಾಗಲಾಗಿ ಬಂತು.

ಕಣ್ಣೀರು ದಾರಿ ತಪ್ಪಿ ಹರಿಯುವದೂ ಉಂಟು. 1943ರಲ್ಲಿ ಅಮೇರಿಕದಲ್ಲಿ ಲ್ಯಾಸಿ ಎಂಬ ಕಾಲಿ ಜಾತಿಯ ನಾಯಿಯ ಚಿತ್ರವು ಬಂದ ಮೇಲೆ ಎರಡು ವರುಷಗಳಲ್ಲಿ ಆ ಜಾತಿಯ ನಾಯಿಗಳ ನೋಂದಣಿಯು ನೂರಕ್ಕೆ ನಾಲ್ವತ್ತರಷ್ಟು ಹೆಚ್ಚಿತೆಂದು 2014ರಲ್ಲಿ ಪ್ರಕಟವಾದ ಒಂದು ಶೋಧನೆಯು ತೋರಿಸಿತು. ಅತ್ತವರು ಅಂಗಡಿಗೆ ಓಡಿದರು! ಚಾರ್ಲಿಯ ಕಥೆಯನ್ನು ನೋಡಿ ಅತ್ತವನು ಅದೇ ಜಾತಿಯ ಮರಿಯನ್ನು ಹಣ ಕೊಟ್ಟು ತಂದರೆ, ಚಾರ್ಲಿಯನ್ನು ಕೊಂದಂಥ ವ್ಯಾಪಾರಿಯ ಕೈಗೇ ಅವನು ಹಣ ಕೊಟ್ಟಿರಬಹುದು. ಚಿತ್ರವು ಖಂಡಿಸಿದ್ದನ್ನೇ ಚಿತ್ರದ ಪ್ರೀತಿಯಿಂದ ಮಾಡುವದು ಎಂಥ ವಿಪರೀತ.

ನಮ್ಮ ಹಳ್ಳಿಗಳಲ್ಲಿ ಲ್ಯಾಬ್ರಡಾರ್ ಇಲ್ಲ. ಕೆಂಚ, ಕರಿಯ, ರಾಜ ಎಂಬ ಹೆಸರಿನವು ಇವೆ. ಹೆಣ್ಣುಮರಿಗಳನ್ನು ಗೋಣಿಯಲ್ಲಿ ಕಟ್ಟಿ ಊರಾಚೆಗೆ ಬಿಟ್ಟು ಬರುವ ಪದ್ಧತಿಯು ಕ್ರೈಸ್ತರ ಮನೆಗಳಲ್ಲಿಯೂ ಉಂಟು. ಹಾಗೆ ಬಿಟ್ಟವನ ಮಗಳು ಅದೇ ವಾರ ಫೋನಿನಲ್ಲಿ ಚಾರ್ಲಿಯನ್ನು ನೋಡಿ ಅತ್ತದ್ದನ್ನು ನಾವು ಬಲ್ಲೆವು, ಮತ್ತು ಅವಳು ತಂದೆಯನ್ನು ಕರಕೊಂಡು ಹೋಗಿ ಎರಡು ಮರಿಗಳನ್ನು ಹುಡುಕಿ ತಂದದ್ದನ್ನೂ ಬಲ್ಲೆವು. ನಾಯಿಯನ್ನು ಪ್ರೀತಿಸುವದೆಂದರೆ ಅದಕ್ಕೆ ಪಶುವೈದ್ಯರ ಬಳಿಯಲ್ಲಿ ಹುಚ್ಚಿನ ಲಸಿಕೆ ಹಾಕಿಸುವದೂ ಸೇರಿತು. ಮನುಷ್ಯರಿಗೆ ಬರುವ ಆ ರೋಗದಲ್ಲಿ ನೂರಕ್ಕೆ ತೊಂಬತ್ತೊಂಬತ್ತರಷ್ಟು ನಾಯಿಯಿಂದಲೇ ಬರುತ್ತದೆ. ಲಕ್ಷಣ ಕಂಡ ಮೇಲೆ ಬದುಕುವವರು ಇಲ್ಲವೆಂದೇ ಹೇಳಬೇಕು. ಸಾಯುವವರಲ್ಲಿ ಮಕ್ಕಳು ಬಹಳ. ನಾಯಿ ಕಚ್ಚಿದರೆ ಸಾಬೂನಿನಿಂದ ನೀರು ಹಾಕಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದನ್ನು ಹಾಕಿಸಲು ತೊಡಗಿ, ವೈದ್ಯರು ಹೇಳಿದ ದಿನಗಳೆಲ್ಲಾ ತಪ್ಪದೆ ಪೂರೈಸಬೇಕು. ಗಾಯಕ್ಕೆ ಸುಣ್ಣ, ಮೆಣಸಿನಪುಡಿ ಬಳಿಯುವದು ಬೇಡ.

ಇನ್ನೊಂದು ಮಾತು ಉಳಿದಿದೆ. ಭಾನುವಾರದ ಶಾಲೆಯ ಮಕ್ಕಳು ಎಲ್ಲಾ ಊರುಗಳಲ್ಲಿಯೂ ಅದನ್ನೇ ಕೇಳುತ್ತಾರೆ: ಚಾರ್ಲಿಯು ಪರಲೋಕಕ್ಕೆ ಹೋಯಿತೋ? ಆ ಚಾರ್ಲಿಯು ಕಥೆಯ ನಾಯಿ, ಸತ್ತಂತೆ ನಟಿಸಿತು ಎಂದು ಹೇಳಿದರೆ ಅವರಿಗೆ ಸಾಲದು. ಹಾಗಾದರೆ ನಮ್ಮ ಕೆಂಚ ಎಂದು ಕೇಳುತ್ತಾರೆ. ಪಶುವಿನ ಉಸಿರು ಕೆಳಕ್ಕೆ ಹೋಗುವದೋ ಮೇಲಕ್ಕೆ ಹೋಗುವದೋ ಯಾರು ಬಲ್ಲರೆಂದು ಪ್ರಸಂಗಿಯೇ ಕೇಳಿ ಬಿಟ್ಟಿದ್ದಾನೆ. ಸೃಷ್ಟಿಯೆಲ್ಲಾ ಬಿಡುಗಡೆಗಾಗಿ ನರಳುತ್ತಿದೆಯೆಂದು ಪೌಲನು ರೋಮಾಪುರದವರಿಗೆ ಬರೆದನು. ಆ ಬಿಡುಗಡೆಯಲ್ಲಿ ಕೆಂಚನಿಗೆ ಸೇರುವದೆಷ್ಟೆಂದು ಅವನು ಬರೆಯಲಿಲ್ಲ. ಒಂದು ಗುಬ್ಬಿಯೂ ತಂದೆಗೆ ತಿಳಿಯದೆ ನೆಲಕ್ಕೆ ಬೀಳುವದಿಲ್ಲವೆಂದು 5ನೇ ತರಗತಿಯ ಹುಡುಗನಿಗೆ ನಾವು ಹೇಳಿದಾಗ ಅವನು ಸ್ವಲ್ಪ ಯೋಚಿಸಿ, ಹಾಗಾದರೆ ಅದು ಬಿದ್ದ ಜಾಗ ದೇವರಿಗೆ ಗೊತ್ತು ಅಂದನು.